ಸೋರೆಬುರುಡೆಯ ಈಜು: ಕೃಷ್ಣಾತೀರದ ಒಂದು ಪ್ರಕರಣ ಮತ್ತು ದೂರದ ಈಜಿನ ಚರಿತ್ರೆ

ವೇಲ್ಸ್‌ನ ಪೆನಾರ್ತ್ ದಂಡೆಯಲ್ಲಿ 1927ರ ಸೆಪ್ಟೆಂಬರ್ 5ರಂದು ನೀರಿಗಿಳಿದ ಕ್ಯಾಥ್ಲೀನ್ ಥಾಮಸ್ 7 ಗಂಟೆ 20 ನಿಮಿಷ ಈಜಿ ಎದುರು ದಂಡೆಯ ವೆಸ್ಟನ್-ಸೂಪರ್-ಮೇರ್ ಮುಟ್ಟಿದಳು. ಬ್ರಿಸ್ಟಲ್ ಕಡಲ್ಗಾಲುವೆಯನ್ನು ಈಜಿ ದಾಟಿದವರಲ್ಲಿ ಆಕೆಯೇ ಮೊದಲಿಗಳು. ನೇರ ಅಂತರ ಸುಮಾರು 11 ಮೈಲಿ. ಆದರೆ ಉಬ್ಬರ-ಇಳಿತದ ವ್ಯತ್ಯಾಸ 14 ಮೀಟರಿನ ಹತ್ತಿರ ಹೋಗುವ ಆ ನೀರಿನಲ್ಲಿ ನೇರವಾಗಿ ಈಜಿದವರು ಯಾರಿದ್ದಾರೆ?

ಇಂಥ ಈಜನ್ನು ಚರಿತ್ರೆಗೆ ಸೇರಿಸುವ ಅಳತೆಗೋಲು ಸಿದ್ಧವಾದದ್ದು 1875ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ಪಾಲ್ ಬಾಯ್ಟನ್ ಗಾಳಿ ತುಂಬಿದ ರಬ್ಬರ್ ಉಡುಪು ತೊಟ್ಟು ಇಂಗ್ಲಿಷ್ ಕಡಲ್ಗಾಲುವೆ ದಾಟಿದ. ಆಗಸ್ಟ್‌ನಲ್ಲಿ ಮ್ಯಾಥ್ಯೂ ವೆಬ್ ಅಂಥ ಯಾವ ಸಾಧನವೂ ಇಲ್ಲದೆ 21 ಗಂಟೆ 45 ನಿಮಿಷದಲ್ಲಿ ದಾಟಿದ. ಮೊದಲಿಗನೆಂಬ ಹೆಸರು ಉಳಿದದ್ದು ವೆಬ್‌ಗೆ. ತೇಲಲು ನೆರವು ಪಡೆದವನು ಈಜುಗಾರನಲ್ಲ ಎಂಬ ತೀರ್ಪು ಅಲ್ಲಿಗೆ ಗಟ್ಟಿಯಾಯಿತು.

ಈ ತೀರ್ಪನ್ನು ನಮ್ಮ ನದಿಗೆ ಹಚ್ಚಿ ನೋಡೋಣ. ಮಹಾಲಿಂಗಪುರದ ಒಂದು ಮಗ್ಗುಲಿಗೆ ಘಟಪ್ರಭೆ, ಇನ್ನೊಂದು ಮಗ್ಗುಲಿಗೆ ರಬಕವಿಯ ಕೃಷ್ಣೆ. ಎರಡೂ ಚಿಕ್ಕಸಂಗಮದಲ್ಲಿ ಕೂಡಿ ಆಲಮಟ್ಟಿ, ನಾರಾಯಣಪುರ ಜಲಾಶಯಗಳನ್ನು ಹಾಯ್ದು ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿಯನ್ನು ಸುತ್ತುವರಿಯುತ್ತವೆ. ಆಗ ಜಲಾಶಯದಿಂದ ನೀರು ಬಿಟ್ಟರೆ ಗಡ್ಡಿಗೆ ಹೊರಗಿನ ಸಂಪರ್ಕವೇ ಇರುತ್ತಿರಲಿಲ್ಲ. 2013ರ ಮಳೆಗಾಲದಲ್ಲಿ ಅಲ್ಲಿನ 22ರ ತುಂಬು ಗರ್ಭಿಣಿಯೊಬ್ಬಳು ಹೆರಿಗೆಗಾಗಿ ಆ ಹೊಳೆಯನ್ನು ಈಜಿ ದಾಟಿದಳು. ಒಣಗಿದ ಸೋರೆಬುರುಡೆ, ಖಾಲಿ ಬಾಟಲಿಗಳನ್ನು ಮೈಗೆ ಕಟ್ಟಲಾಗಿತ್ತು. ಮುಂದೆ ಅಣ್ಣ, ಸುತ್ತ ತಂದೆ ಮತ್ತು ಬಳಗದವರು. ಅಂತರ ಸುಮಾರು ಒಂದು ಕಿಲೋಮೀಟರ್ ಎಂದು ಅಂದಿನ ವರದಿಗಳು ಹೇಳುತ್ತವೆ.

ಪತ್ರಿಕೆಗಳು ಇದನ್ನು ಸಾಹಸವೆಂದು ಕೊಂಡಾಡಿದವು. ನನಗೆ ಅದು ಅರ್ಧ ಓದು ಎನ್ನಿಸುತ್ತದೆ. ಆಸ್ಪತ್ರೆ ಆಚೆ ದಂಡೆಯಲ್ಲಿದ್ದುದರಿಂದ ಬಂದೊದಗಿದ ಈಜನ್ನು ಸಾಹಸ ಎಂದುಬಿಟ್ಟರೆ ಸೇತುವೆಯ ಮಾತು ಮರೆಯಾಗುತ್ತದೆ. ಆ ಕುಟುಂಬಕ್ಕೆ ಗೊತ್ತಿದ್ದ ವಿದ್ಯೆಯೂ ಮರೆಯಾಗುತ್ತದೆ. ಕಡಲ ಈಜುಗಾರರ ಜೊತೆಗೆ ಸಾಗುವ ದೋಣಿ ಸೆಳೆತ ನೋಡಿ ದಾರಿ ತೋರುತ್ತದೆ, ಆಹಾರ ಕೊಡುತ್ತದೆ. ನಿಯಮ ಅದನ್ನು ನೆರವೆಂದು ಎಣಿಸುವುದಿಲ್ಲ. ಇಲ್ಲಿ ದೋಣಿಯ ಜಾಗದಲ್ಲಿ ಅಣ್ಣನಿದ್ದ. ಬುರುಡೆಯಿಂದಾಗಿ ಈ ಈಜು ದಾಖಲೆಯ ಪಟ್ಟಿಗೆ ಸೇರದಿರಬಹುದು, ಈಜಿನ ಚರಿತ್ರೆಯಿಂದ ಹೊರಗಿಡಲು ಅದು ಕಾರಣವಾಗದು.

ಹಿಪ್ಪರಗಿ ಬ್ಯಾರೇಜ್, 1989ರಲ್ಲಿ ರೈತರೇ ಕಟ್ಟಿಕೊಂಡ ಚಿಕ್ಕಪಡಸಲಗಿ ಬ್ಯಾರೇಜ್, ಆಲಮಟ್ಟಿಯ ಹಿನ್ನೀರು ಇವೆಲ್ಲ ಜಮಖಂಡಿ ಭಾಗದಲ್ಲಿ ಹೊಳೆಯ ಓಟವನ್ನೇ ಬದಲಿಸಿವೆ. ಆ ವಿದ್ಯೆ ಮರೆಯಾಗುವ ಮುನ್ನ, ಹರಿವ ನೀರಿನಲ್ಲಿ ಈಜು ಕಲಿತ ಹಿರಿಯರನ್ನು ಕೇಳಿ ಬರೆದಿಡಬೇಕಾದದ್ದು ಇಷ್ಟು: ಒಬ್ಬರಿಗೆ ಎಷ್ಟು ಬುರುಡೆ, ಎಂಥ ಹಗ್ಗ, ಗಂಟು ಎಲ್ಲಿ, ಆಚೆಯ ಗುರಿ ಮುಟ್ಟಲು ಈಚೆ ದಂಡೆಯಲ್ಲಿ ಎಷ್ಟು ಮೇಲಕ್ಕೆ ಹೋಗಿ ಇಳಿಯಬೇಕು.