ಸಂಸ್ಕರಿತ ಸಸ್ಯನಾರಿನ ಸಂಯೋಜಿತಗಳ ಸವೆತ

ಸೆಣಬು, ಕತ್ತಾಳೆ, ತೆಂಗು, ಅಡಕೆ ಸಿಪ್ಪೆ ಮೊದಲಾದವುಗಳ ನಾರನ್ನು ರಾಸಾಯನಿಕವಾಗಿ ಸಂಸ್ಕರಿಸಿ, ಎಪಾಕ್ಸಿ ಅಥವಾ ಪಾಲಿಎಸ್ಟರ್ ರಾಳದಲ್ಲಿ ಹುದುಗಿಸಿ ತಯಾರಿಸಿದ ವಸ್ತುಗಳ ಮೇಲ್ಮೈ, ಉಜ್ಜುವಿಕೆಯಿಂದ ಕ್ರಮೇಣ ದ್ರವ್ಯವನ್ನು ಕಳೆದುಕೊಳ್ಳುವ ಬಗೆ.

ಸಸ್ಯನಾರಿನ ಸೆಲ್ಯುಲೋಸ್‌ನಲ್ಲಿ ಹೈಡ್ರಾಕ್ಸಿಲ್ ಗುಂಪುಗಳು ಹೇರಳವಾಗಿರುವುದರಿಂದ ಅದು ನೀರನ್ನು ಹೀರಿಕೊಳ್ಳುತ್ತದೆ. ರಾಳಕ್ಕೆ ನೀರಿನ ಒಲವು ಕಡಿಮೆಯಾದ್ದರಿಂದ ಎರಡರ ನಡುವಣ ಹಿಡಿತ ಸಡಿಲವಾಗಿ, ಉಜ್ಜಿದಾಗ ನಾರು ಕಿತ್ತುಬರುತ್ತದೆ. ಇದನ್ನು ತಡೆಯಲು ನಾರನ್ನು ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನೆನೆಸುವ ಕ್ಷಾರ ಸಂಸ್ಕರಣೆ ಬಳಕೆಯಲ್ಲಿದೆ. ಇಂಗ್ಲೆಂಡಿನ ಜಾನ್ ಮರ್ಸರ್ 1850ರಲ್ಲಿ ಹತ್ತಿಗಾಗಿ ಪೇಟೆಂಟ್ ಪಡೆದ ವಿಧಾನವೇ ಇದರ ಮೂಲ. ಕ್ಷಾರವು ಲಿಗ್ನಿನ್, ಹೆಮಿಸೆಲ್ಯುಲೋಸ್ ಹಾಗೂ ಮೇಣಗಳನ್ನು ಭಾಗಶಃ ತೊಳೆದು, ನಾರಿನ ಮೈಯನ್ನು ಒರಟಾಗಿಸಿ, ರಾಳ ಕಚ್ಚಿಕೊಳ್ಳಲು ಎಡೆಮಾಡುತ್ತದೆ. ಇನ್ನೊಂದು ಸಂಸ್ಕರಣೆಯಲ್ಲಿ ಬಳಸುವ ಸಿಲೇನ್ ಎಂಬ ಸಿಲಿಕಾನ್ ಸಂಯುಕ್ತದ ಅಣುಗಳು ಒಂದು ತುದಿಯಿಂದ ನಾರನ್ನೂ ಇನ್ನೊಂದರಿಂದ ರಾಳವನ್ನೂ ಬೆಸೆಯುತ್ತವೆ. ಕ್ಷಾರ ಅತಿಯಾದರೆ ಸೆಲ್ಯುಲೋಸೇ ಶಿಥಿಲಗೊಂಡು ಸವೆತ ಮತ್ತೆ ಏರಬಹುದು.

ಕಡ್ಡಿಯಾಕಾರದ ಮಾದರಿಯನ್ನು ತಿರುಗುವ ಉಕ್ಕಿನ ತಟ್ಟೆಗೆ ಒತ್ತಿಹಿಡಿದು ಸವೆತವನ್ನು ಅಳೆಯುವ ಕ್ರಮ ಎಎಸ್‌ಟಿಎಂ ಎಂಬ ಮಾನಕ ಸಂಸ್ಥೆಯ ಜಿ 99 ಮಾನಕದಲ್ಲಿದೆ. ನಷ್ಟವಾದ ಗಾತ್ರವನ್ನು ಹೊರೆ ಮತ್ತು ಜಾರಿದ ದೂರಗಳ ಗುಣಲಬ್ಧದಿಂದ ಭಾಗಿಸಿದರೆ ವಿಶಿಷ್ಟ ಸವೆತ ದರ ದೊರೆಯುತ್ತದೆ. ಅದನ್ನು ನ್ಯೂಟನ್-ಮೀಟರಿಗೆ ಇಷ್ಟು ಘನ ಮಿಲಿಮೀಟರ್ ಎಂದು ಹೇಳಲಾಗುತ್ತದೆ. ಹೊರೆ ಮತ್ತು ವೇಗ ಹೆಚ್ಚಿದಾಗ ಹುಟ್ಟುವ ಶಾಖದಿಂದ ರಾಳ ಮೆತ್ತಗಾಗಿ ಸವೆತ ಹೆಚ್ಚಬಹುದು. ನಾರುಗಳು ಜಾರುವ ಮೇಲ್ಮೈಗೆ ಲಂಬವಾಗಿದ್ದರೆ ಸವೆತ ಸಾಮಾನ್ಯವಾಗಿ ಕಡಿಮೆ. ಬ್ರೇಕ್ ಪ್ಯಾಡುಗಳಲ್ಲಿ ಕಲ್ನಾರಿಗೆ ಬದಲಿಯಾಗಿ ಇಂತಹ ನಾರುಗಳನ್ನು ಪರೀಕ್ಷಿಸಲಾಗಿದೆ.