ಎಡಗೈಯ ಹಿಮ್ಮೇಳ: ಅರೇಂಜರ್ ಕೀಬೋರ್ಡಿನ ವಂಶಚರಿತ್ರೆ

ವಾದಕನ ಎಡಗೈ ಒತ್ತಿದ ಕಾರ್ಡನ್ನು, ಅಂದರೆ ಏಕಕಾಲಕ್ಕೆ ನುಡಿಯುವ ಸ್ವರಗಳ ಗುಚ್ಛವನ್ನು, ಗುರುತಿಸಿ ಅದಕ್ಕೊಪ್ಪುವ ಡ್ರಮ್ಸ್, ಬೇಸ್, ಗಿಟಾರುಗಳ ಹಿಮ್ಮೇಳವನ್ನು ತಾನಾಗಿಯೇ ಒದಗಿಸುವ ವಾದ್ಯವನ್ನು ಅರೇಂಜರ್ ಕೀಬೋರ್ಡ್ ಎನ್ನುತ್ತಾರೆ. ನಾದದ ಗುಣವನ್ನೇ ವಾದಕನು ತನಗೆ ಬೇಕಾದಂತೆ ರೂಪಿಸಿಕೊಳ್ಳಬಹುದಾದ ವಾದ್ಯ ಸಿಂಥಸೈಜರ್. ವೃತ್ತಿಪರ ಸಂಗೀತಗಾರರ ನಡುವೆ ಎರಡನೆಯದಕ್ಕೆ ಸಲ್ಲುವ ಗೌರವ ಮೊದಲನೆಯದಕ್ಕೆ ಸಿಕ್ಕಿದ್ದು ವಿರಳ. ಬೇರೆ ಬೇರೆ ಮೂಲದ ಎರಡು ವಾದ್ಯಗಳನ್ನು ಒಂದೇ ಅಳತೆಗೋಲಿನಿಂದ ಅಳೆದುದರಿಂದ ಈ ತಾರತಮ್ಯ ಹುಟ್ಟಿತೆಂಬುದನ್ನು ಅವುಗಳ ಇತಿಹಾಸವೇ ತೋರಿಸುತ್ತದೆ.

ಸಿಂಥಸೈಜರ್ ಬೆಳೆದದ್ದು ಪ್ರಯೋಗಶಾಲೆ ಹಾಗೂ ಧ್ವನಿಮುದ್ರಣ ಸ್ಟುಡಿಯೋಗಳಲ್ಲಿ. ಅಮೆರಿಕದ ರಾಬರ್ಟ್ ಮೂಗ್ 1964ರಲ್ಲಿ ರೂಪಿಸಿದ ಯಂತ್ರವು ವೆಂಡಿ ಕಾರ್ಲೋಸ್ ಅವರ 1968ರ ‘ಸ್ವಿಚ್ಡ್-ಆನ್ ಬಾಖ್’ ಧ್ವನಿಮುದ್ರಿಕೆಯಿಂದ ಹೆಸರಾಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್ ಅವರ ಸಂಶೋಧನೆಯು 1983ರಲ್ಲಿ ಯಮಾಹಾ ಕಂಪನಿಯ ಡಿಎಕ್ಸ್7 ಸಿಂಥಸೈಜರ್ ಆಗಿ ಮಾರುಕಟ್ಟೆಗೆ ಬಂತು.

ಅರೇಂಜರಿನ ಬೇರುಗಳಾದರೋ ಕುಣಿತದ ಅಂಗಳದಲ್ಲಿವೆ. ಅದರ ಮುಖ್ಯ ತವರುಗಳಲ್ಲೊಂದಾದ ಇಟಲಿಯ ಮಾರ್ಕೆ ಪ್ರಾಂತ್ಯದ ಕಸ್ತೆಲ್‌ಫಿದಾರ್ದೊ ಊರಿನಲ್ಲಿ ಪಾವೊಲೊ ಸೊಪ್ರಾನಿ 1863ರಲ್ಲಿ ಅಕಾರ್ಡಿಯನ್ ತಯಾರಿಕೆಯನ್ನು ಆರಂಭಿಸಿದನು. ಸ್ತ್ರಾದೆಲ್ಲಾ ಎಂದು ಹೆಸರಾದ ವ್ಯವಸ್ಥೆಯ ಅಕಾರ್ಡಿಯನ್ನಿನಲ್ಲಿ ಎಡಗೈಯ ಒಂದೇ ಗುಂಡಿಯನ್ನು ಒತ್ತಿದರೆ ಇಡೀ ಕಾರ್ಡ್ ನುಡಿಯುತ್ತಿತ್ತಾದ್ದರಿಂದ, ಒಬ್ಬನೇ ವಾದಕ ಬಲಗೈಯಲ್ಲಿ ರಾಗವನ್ನೂ ಎಡಗೈಯಲ್ಲಿ ಹಿಮ್ಮೇಳವನ್ನೂ ನಡೆಸಿ ಒಂದು ಮದುವೆಯ ಕುಣಿತವನ್ನು ನಿಭಾಯಿಸಬಲ್ಲವನಾದನು. ಈ ಪ್ರದೇಶದ ಮೂರು ಅಕಾರ್ಡಿಯನ್ ಸಂಸ್ಥೆಗಳು 1946ರಲ್ಲಿ ಒಂದಾಗಿ ಫರ್ಫಿಸಾ ಆದವು; ಮುಂದೆ ಅದು ವಿದ್ಯುನ್ಮಾನ ಆರ್ಗನ್‌ಗಳಿಗೆ ಪ್ರಸಿದ್ಧವಾಯಿತು. ಆ ವೇಳೆಗೆ ಅಮೆರಿಕದ ವುರ್ಲಿಟ್ಸರ್ ಕಂಪನಿಯು ಆರ್ಗನ್ ವಾದಕರಿಗೆಂದು 1959ರಲ್ಲಿ ಸೈಡ್‌ಮನ್ ಎಂಬ ತಾಳಯಂತ್ರವನ್ನು ತಂದಿತ್ತು. ಗುಂಡಿಯ ಕಾರ್ಡ್ ಮತ್ತು ಯಂತ್ರದ ತಾಳ, ಈ ಎರಡರ ಸಂಗಮವೇ ಅರೇಂಜರ್. 1988ರಲ್ಲಿ ರೋಲ್ಯಾಂಡ್ ಕಂಪನಿಯ ಇ-20, 1993ರಲ್ಲಿ ಕೋರ್ಗ್ ಕಂಪನಿಯ ಐ3 ಎಂಬ ಅರೇಂಜರ್‌ಗಳು ಬಂದವು. ಕೋರ್ಗ್‌ನ ಪಿಎ ಸರಣಿ ಕಸ್ತೆಲ್‌ಫಿದಾರ್ದೊದ ನೆರೆಯ ಒಸಿಮೊದಲ್ಲೇ ರೂಪುಗೊಂಡಿತು.

ಅರೇಂಜರಿನ ನಾದ ಕೀಳುಮಟ್ಟದ್ದೆಂಬ ಆಕ್ಷೇಪಕ್ಕೆ ಆಧಾರವಿಲ್ಲ, ಏಕೆಂದರೆ ಐ3ರಲ್ಲಿದ್ದ ನಾದೋತ್ಪಾದನ ವಿಧಾನವೇ ಅದೇ ವರ್ಷದ ಕೋರ್ಗ್ ಎಕ್ಸ್3 ಎಂಬ ವೃತ್ತಿಪರ ಸಿಂಥಸೈಜರಿನಲ್ಲೂ ಇತ್ತು. ಹಿಮ್ಮೇಳದ ಮಾದರಿಗಳನ್ನು ಬೇರೊಬ್ಬರು ಮೊದಲೇ ಸಿದ್ಧಪಡಿಸಿರುತ್ತಾರೆಂಬ ಆಕ್ಷೇಪ ನಿಜವಾದುದು. ಆದರೆ ಯಾವ ಕಾರ್ಡನ್ನು ಯಾವ ಕ್ಷಣಕ್ಕೆ ಹಿಡಿಯಬೇಕು, ಗಾಯಕನಿಗಾಗಿ ಎಲ್ಲಿ ತಡೆಯಬೇಕು, ಕುಣಿಯುವವರಿಗಾಗಿ ಎಲ್ಲಿ ಬೀಸು ಹೆಚ್ಚಿಸಬೇಕು ಎಂಬ ನಿರ್ಧಾರವನ್ನು ಯಂತ್ರ ಮಾಡದು. ಅರೇಂಜರ್ ಬೇರೆ ಬೇರೆ ನಾಡುಗಳ ಸಂಗೀತಕ್ಕೂ ಒಗ್ಗಿಕೊಂಡಿತು: ಅರಬ್ ಸಂಗೀತದ ಕಾಲುಸ್ವರಗಳನ್ನು, ಅಂದರೆ ಪಿಯಾನೊದ ಮನೆಗಳ ನಡುವೆ ಅಡಗಿರುವ ಸ್ವರಸ್ಥಾನಗಳನ್ನು, ವೇದಿಕೆಯ ಮೇಲೆಯೇ ಗುಂಡಿಯೊತ್ತಿ ಪಡೆಯುವ ಸೌಲಭ್ಯವನ್ನು ಪಿಎ ಸರಣಿ ಒದಗಿಸಿತು. ಸಿರಿಯಾದ ಮದುವೆಗಳಲ್ಲಿ ಹಾಡುತ್ತಿದ್ದ ಒಮರ್ ಸುಲೇಮಾನ್ ಅವರ ಗಾಯನ ಯುರೋಪಿನ ಉತ್ಸವಗಳನ್ನು ತಲುಪಿದಾಗ ರಿಝಾನ್ ಸಯೀದ್ ಅವರ ಕೀಬೋರ್ಡೇ ಅದಕ್ಕೆ ಮುಖ್ಯ ಹಿಮ್ಮೇಳವಾಗಿತ್ತು. ಭಾರತಕ್ಕೆಂದು ಯಮಾಹಾ ತಂದ ಪಿಎಸ್‌ಆರ್-ಐ ಮಾದರಿಗಳಲ್ಲಿ ತಬಲಾ, ತಂಬೂರಿಗಳ ನಾದ ಸೇರಿದೆ.

ಸಿಂಥಸೈಜರಿನ ಸಾಧನೆ ಹಿಂದೆ ಕೇಳಿರದ ನಾದವನ್ನು ಹುಟ್ಟಿಸಿದುದು. ಅರೇಂಜರಿನ ಸಾಧನೆ ಪೂರ್ಣ ವಾದ್ಯವೃಂದವನ್ನು ಕರೆಸಲಾಗದ ಮನೆಯ ಅಂಗಳಕ್ಕೂ ಸಂಗೀತವನ್ನು ತಲುಪಿಸಿದುದು. ಅಕಾರ್ಡಿಯನ್ ವಾದಕನ ಎಡಗೈಯನ್ನು ಕಲೆಯೆಂದು ಒಪ್ಪಿದ ಪರಂಪರೆಗೆ ಅದರ ವಾರಸುದಾರನಾದ ಅರೇಂಜರಿಗೆ ಅದೇ ಗೌರವವನ್ನು ನಿರಾಕರಿಸಲು ನ್ಯಾಯವಾದ ಕಾರಣವಿಲ್ಲ.