ಅಳೆದು ಕೊಟ್ಟ ಅನ್ನ

ದೇವಸಮುದ್ರದ ನಮ್ಮ ಅಣ್ಣನ ಮನೆಗೆ ಹೋಗಿದ್ದಾಗ ಅವರ ಮಗ ತೂಕದ ಯಂತ್ರದ ಮೇಲೆ ನಿಂತು ತಲೆ ಬಗ್ಗಿಸಿಕೊಂಡಿದ್ದ. ಚಳ್ಳಕೆರೆಯಲ್ಲಿ ಕೆಲಸ ಮಾಡುವ ಹುಡುಗ, ಸಂಜೆ ಅಲ್ಲೇ ಜಿಮ್ಮಿಗೆ ಹೋಗುತ್ತಾನೆ. ತಾನೀಗ 'ಕಟಿಂಗ್'ನಲ್ಲಿದ್ದೇನೆ ಎಂದು ಹೇಳಿದಾಗ ನಮ್ಮ ಅಮ್ಮ, 'ಮೊನ್ನೆ ತಾನೇ ಮಾಡಿಸ್ಕೊಂಡು ಬಂದ್ಯಲ್ಲೋ' ಎಂದು ಅವನ ತಲೆಗೂದಲು ನೋಡಿದ್ದರಂತೆ. ಜಿಮ್ಮಿನ ಹುಡುಗರ ಭಾಷೆಯಲ್ಲಿ ಕಟಿಂಗ್ ಎಂದರೆ ಮೈಯ ಕೊಬ್ಬನ್ನು ಇಳಿಸಲು ಊಟವನ್ನು ಕಡಿತ ಮಾಡುವುದು.

'ಚಾಚಾ, ಎರಡು ತಿಂಗಳು ಚೆನ್ನಾಗಿ ಇಳೀತು. ಈಗ ಮೂರು ವಾರದಿಂದ ಮುಳ್ಳು ಅಲ್ಲಾಡ್ತಿಲ್ಲ. ರಾತ್ರಿ ಊಟಾನೂ ಬಿಟ್ಬಿಡ್ಲಾ?' ಎಂದು ಕೇಳಿದ. ನಾನು ಕಥೆ ಬರೆಯುವವನು, ವೈದ್ಯನಲ್ಲ. ಆದರೆ ಅವನ ಪ್ರಶ್ನೆಗೆ ನಮ್ಮ ಸೀಮೆಯಲ್ಲೇ ಒಂದು ಹಳೆಯ ಚರಿತ್ರೆಯಿದೆ. ಊಟವನ್ನು ಎಷ್ಟು ಕಡಿತ ಮಾಡಬಹುದು, ಕಡಿತ ಮಾಡಿದರೆ ದೇಹ ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನು ಇಲ್ಲಿ ಒಮ್ಮೆ ಪ್ರಭುತ್ವವೇ ಎತ್ತಿತ್ತು. ಉತ್ತರವನ್ನು ಜನ ತಮ್ಮ ಮೈಯಿಂದ ಕೊಡಬೇಕಾಯಿತು.

ದೇವಸಮುದ್ರ ಮೊಳಕಾಲ್ಮುರು ತಾಲ್ಲೂಕಿನ ಹೋಬಳಿ. ಹೆಸರಿನಲ್ಲಿ ಸಮುದ್ರವಿದ್ದರೂ ಮಳೆ ಕಡಿಮೆ. ಹಳಬರು ದೊಡ್ಡ ಕೆರೆಯನ್ನೇ ಸಮುದ್ರ ಎನ್ನುತ್ತಿದ್ದರು. ಮೈಸೂರು ಸಂಸ್ಥಾನದ ಅಂಚಿನಲ್ಲಿದ್ದ ಈ ಸೀಮೆಗೆ ತಾಗಿಕೊಂಡೇ ಮದ್ರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಿತ್ತು. ಈಗ ಆಂಧ್ರದಲ್ಲಿರುವ ರಾಯದುರ್ಗವೂ ಆಗ ಬಳ್ಳಾರಿಗೆ ಸೇರಿತ್ತು. 1876ರಲ್ಲಿ ಮಳೆ ಕೈಕೊಟ್ಟಿತು. ಧಾತು ಸಂವತ್ಸರದಲ್ಲಿ ಹಿಡಿದು ಈಶ್ವರ ಸಂವತ್ಸರಕ್ಕೂ ಮುಂದುವರಿದ ಆ ಕ್ಷಾಮವನ್ನು ಜನ ಧಾತು ಈಶ್ವರ ಬರವೆಂದೇ ಕರೆದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು 50 ಲಕ್ಷ ಜನರಿದ್ದರು. 1881ರಲ್ಲಿ ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ನಾಡು ಹೀಗೆ ಕುಗ್ಗಿತು. ಬಳ್ಳಾರಿಯಂತೂ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲೊಂದು.

1877ರ ಆರಂಭದಲ್ಲಿ ವೈಸ್‌ರಾಯ್ ಲಿಟ್ಟನ್ ಕ್ಷಾಮದ ಖರ್ಚನ್ನು ಹಿಡಿತಕ್ಕೆ ತರಲು ಸರ್ ರಿಚರ್ಡ್ ಟೆಂಪಲ್ ಅವರನ್ನು ದಕ್ಷಿಣಕ್ಕೆ ಕಳಿಸಿದ. ಟೆಂಪಲ್ 1873-74ರ ಬಿಹಾರದ ಬರದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಜನರನ್ನು ಉಳಿಸಿದ್ದವರು. ಅದಕ್ಕೆ ದುಂದುಗಾರನೆಂಬ ಬೈಗುಳ ಕೇಳಿದ್ದವರು. ಈ ಸಲ ಅವರು ಕೈ ಬಿಗಿ ಹಿಡಿದರು. ಬರಗಾಲದ ಕಾಮಗಾರಿಯಲ್ಲಿ ಕಲ್ಲು ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಒಂದಿಷ್ಟು ಪುಡಿಗಾಸಿನ ಕೂಲಿ ಸಾಕು ಎಂದರು. ಹೆಂಗಸರು ಮಕ್ಕಳಿಗೆ ಇನ್ನೂ ಕಡಿಮೆ. ಒಂದು ಪೌಂಡೆಂದರೆ 450 ಗ್ರಾಂ ಚಿಲ್ಲರೆ. ಇಂದಿನ ಲೆಕ್ಕದಲ್ಲಿ ಧಾನ್ಯವೊಂದರಿಂದ ಸುಮಾರು 1,600 ಕ್ಯಾಲರಿ.

ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಇದನ್ನು ಒಪ್ಪಲಿಲ್ಲ. ದುಡಿಯುವ ಮೈಗೆ ಒಂದೂವರೆ ಪೌಂಡು ಧಾನ್ಯ ಬೇಕು, ಜೊತೆಗೆ ಬೇಳೆ ತರಕಾರಿ ಬೇಕು ಎಂದು ವಾದಿಸಿದರು. ಮದ್ರಾಸು ಸರ್ಕಾರ ಅದೇ ವರ್ಷ ಒಂದೂಕಾಲು ಪೌಂಡಿಗೆ ಬಂದು, ಸ್ವಲ್ಪ ಬೇಳೆ ಸೇರಿಸಿತು. ಕಾರ್ನಿಶ್ ಕೇಳಿದ್ದು ಪೂರ್ತಿ ಸಿಗಲಿಲ್ಲ. ಆ ಹೊತ್ತಿಗೆ ಬಹಳಷ್ಟು ಜನಕ್ಕೆ ತಡವಾಗಿತ್ತು.

ಟೆಂಪಲ್ ಅವರ ವಾದದ ಬುಡದಲ್ಲಿ ಒಂದು ನಂಬಿಕೆಯಿತ್ತು. ಬಡವನ ದೇಹ ಕಡಿಮೆಗೂ ಒಗ್ಗಿಕೊಳ್ಳುತ್ತದೆ. ಒಗ್ಗಿಕೊಂಡ ಮೇಲೆ ಅಷ್ಟೇ ಸಾಕು. ಇದರ ಮೊದಲರ್ಧ ನಿಜ. ಎರಡನೆಯ ಅರ್ಧವೇ ಕೊಲ್ಲುವಂಥದ್ದು.

ಇದು ವಿಜ್ಞಾನಕ್ಕೆ ಸ್ಪಷ್ಟವಾಗಲು ಇನ್ನೂ ಅರವತ್ತೇಳೆಂಟು ವರ್ಷ ಬೇಕಾಯಿತು. ಎರಡನೇ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ಶರೀರವಿಜ್ಞಾನಿ 36 ಯುವಕರ ಮೇಲೆ ಒಂದು ಪ್ರಯೋಗ ನಡೆಸಿದರು. ಯುದ್ಧದಲ್ಲಿ ಕೊಲ್ಲಲು ಒಪ್ಪದೆ, ಬದಲಿಗೆ ತಮ್ಮ ದೇಹವನ್ನೇ ಸೇವೆಗೆ ಒಪ್ಪಿಸಿದವರು ಅವರು. 1945ರ ಫೆಬ್ರವರಿಯಿಂದ 24 ವಾರ ಅವರಿಗೆ ದಿನಕ್ಕೆ ಸರಾಸರಿ 1,570 ಕ್ಯಾಲರಿ ಆಹಾರ. ಬಳ್ಳಾರಿಯ ಒಂದು ಪೌಂಡು ಧಾನ್ಯದ ಹತ್ತಿರ ಹತ್ತಿರವೇ. ವಾರಕ್ಕೆ 22 ಮೈಲಿ ನಡೆಯಬೇಕಿತ್ತು. ಅವರ ತೂಕದಲ್ಲಿ ಕಾಲು ಭಾಗ ಹೋಯಿತು.

ಕೀಸ್ ಪ್ರತಿಯೊಬ್ಬನಿಗೂ ತೂಕ ಇಳಿಯುವ ಒಂದು ಗೆರೆ ಬರೆದಿದ್ದರು. ಮೊದಲು ಕಡಿದಾಗಿ ಇಳಿದು, ಬರಬರುತ್ತಾ ಸಮತಟ್ಟಾಗುವ ಗೆರೆ. ಇಳಿಯುವುದು ನಿಧಾನವಾಗಿ ಒಂದು ಕಡೆ ನಿಲ್ಲುತ್ತದೆಂದು ಅವರಿಗೆ ಮೊದಲೇ ಗೊತ್ತಿತ್ತು. ವಾರವಾರವೂ ತೂಕ ನೋಡಿ, ಗೆರೆಗಿಂತ ಮೇಲಿದ್ದವನಿಗೆ ಒಂದಿಷ್ಟು ಬ್ರೆಡ್ಡು, ಆಲೂಗಡ್ಡೆ ಕಡಿಮೆ. ಕೆಳಗಿದ್ದವನಿಗೆ ಒಂದಿಷ್ಟು ಹೆಚ್ಚು. ಇಂದು ಜಿಮ್ಮಿನ ಹುಡುಗರು ಮಾಡುವ ಹೊಂದಾಣಿಕೆಯೂ ಇದೇ ಬಗೆಯದು. ಆದರೆ ಅಲ್ಲಿ ಕಂಡದ್ದೇನು? ಸುಮ್ಮನೆ ಮಲಗಿದ್ದಾಗ ದೇಹ ಸುಡುವ ಶಕ್ತಿ ಸುಮಾರು ಶೇಕಡ 40ರಷ್ಟು ಇಳಿದಿತ್ತು. ನಾಡಿ ನಿಧಾನವಾಯಿತು, ಬೇಸಿಗೆಯಲ್ಲೂ ಚಳಿಯಾಯಿತು, ನಗು ನಿಂತಿತು, ಅಡುಗೆ ಪುಸ್ತಕಗಳನ್ನು ಓದುವ ಹುಚ್ಚು ಹಿಡಿಯಿತು. ಕಾಲುಗಳಲ್ಲಿ ನೀರು ತುಂಬಿ, ಮಾಂಸ ಕರಗಿದ್ದು ತಕ್ಕಡಿಗೆ ಕಾಣದಂತೆ ಮರೆಯಾಯಿತು. ಮನೆಯ ಆದಾಯ ಇಳಿದಾಗ ಯಜಮಾನಿ ದೀಪ ಆರಿಸಿ, ಒಲೆ ತಗ್ಗಿಸುವ ಹಾಗೆ ದೇಹ ತನ್ನ ಖರ್ಚು ತಗ್ಗಿಸಿತ್ತು. ಅದನ್ನು ನೋಡಿ 'ಈ ಮನೆಗೆ ಇಷ್ಟೇ ಆದಾಯ ಸಾಕು' ಎಂದು ಯಾರಾದರೂ ಹೇಳಿದರೆ ಏನನ್ನೋಣ?

ನಮ್ಮ ದೇಶದಲ್ಲಿ ಹಾಗೆ ಹೇಳಿದವರೂ ಇದ್ದರು. 1979ರಲ್ಲಿ ಯೋಜನಾ ಆಯೋಗದ ಕಾರ್ಯಪಡೆ ಹಳ್ಳಿಗರಿಗೆ ದಿನಕ್ಕೆ 2,400, ಪಟ್ಟಣಿಗರಿಗೆ 2,100 ಕ್ಯಾಲರಿ ಎಂದು ಬಡತನದ ಗೆರೆ ಎಳೆದಿತ್ತು. ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆಯವರು, ದೇಹ ಕಡಿಮೆ ಆಹಾರಕ್ಕೂ ತಾನೇ ಹೊಂದಿಕೊಳ್ಳುವುದರಿಂದ ಹೀಗೆ ಎಣಿಸಿದರೆ ಹಸಿದವರ ಸಂಖ್ಯೆ ಅತಿಯಾಗುತ್ತದೆ ಎಂದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯನ್ನು ಕಟ್ಟಿದ ಡಾ. ಸಿ. ಗೋಪಾಲನ್ ಇಂಥ ವಾದಗಳನ್ನು ಬಲವಾಗಿ ವಿರೋಧಿಸಿದರು. ಮಗು ಗಿಡ್ಡವಾಗಿ, ಆಳು ಕಡಿಮೆ ದುಡಿಯುವವನಾಗಿ ಬದುಕುಳಿದರೆ ಅದನ್ನು ಹೊಂದಾಣಿಕೆ ಎಂದು ಮೆಚ್ಚಬಾರದು. ಅದು ತೆತ್ತ ಬೆಲೆ ಎಂಬುದು ಅವರ ನಿಲುವು. ಕಾರ್ನಿಶ್ ಮತ್ತು ಟೆಂಪಲ್ ಜಗಳವೇ ನೂರು ವರ್ಷದ ಮೇಲೆ ಬೇರೆ ಬಟ್ಟೆ ತೊಟ್ಟು ಬಂದಿತ್ತು.

ಇಷ್ಟೆಲ್ಲ ಹುಡುಗನಿಗೆ ಹೇಳಿದೆ. 'ಹಾಗಾದ್ರೆ ನಾನೇನು ಮಾಡ್ಲಿ ಚಾಚಾ?' ಎಂದ. ನ್ಯಾಯವಾದ ಪ್ರಶ್ನೆ. ಅವನದು ಹಸಿವಿನ ಕಥೆಯಲ್ಲ, ಮೈಯಲ್ಲಿ ಹೆಚ್ಚಾದ ಕೊಬ್ಬಿನದು. ಆದರೂ ದೇಹದ ನಿಯಮ ಒಂದೇ. ಎಂಬತ್ತೈದು ಕೇಜಿ ಇದ್ದವನು ಎಪ್ಪತ್ತೆಂಟಕ್ಕೆ ಇಳಿದರೆ ಆ ಚಿಕ್ಕ ಮೈಗೆ ಬೇಕಾಗುವುದೇ ಕಡಿಮೆ. ಜೊತೆಗೆ ಅರಿವಿಲ್ಲದೆಯೇ ಓಡಾಟ ತಗ್ಗಿರುತ್ತದೆ. ಹೀಗಾಗಿ ಮೊದಲು ಕೊರತೆಯಾಗಿದ್ದ ಊಟವೇ ಈಗ ಸರಿಸಮವಾಗಿ ಬಿಡುತ್ತದೆ. ಇದರಲ್ಲಿ ಸೋಮಾರಿತನವೂ ಇಲ್ಲ, ಪಾಪವೂ ಇಲ್ಲ.

ತಿಳಿದವರು ಹೇಳುವ ದಾರಿ ಸರಳ. ಒಂದು ದಿನದ ತೂಕ ನಂಬಬೇಡಿ. ವಾರದ ಸರಾಸರಿ ನೋಡಿ, ಸೊಂಟಕ್ಕೆ ಟೇಪು ಹಿಡಿಯಿರಿ. ಉಪ್ಪು, ನಿದ್ದೆಗೇಡು, ಹೊಸ ಕಸರತ್ತು ಇವು ನೀರು ಹಿಡಿಸಿ ಕೊಬ್ಬು ಇಳಿದದ್ದನ್ನು ಮರೆಮಾಡುತ್ತವೆ. ಎರಡು ಮೂರು ವಾರವಾದರೂ ಎರಡೂ ಕದಲದಿದ್ದರೆ ಮೊದಲು ಅಳತೆ ತಪ್ಪಿದೆಯೇ ನೋಡಿ. ಚಳ್ಳಕೆರೆ ಎಣ್ಣೆ ಗಿರಣಿಗಳ ಊರು. ನಮ್ಮ ಮನೆಗಳಲ್ಲಿ ಎಣ್ಣೆ ಕೈಯಳತೆಯಲ್ಲಿ ಬೀಳುತ್ತದೆ. ಒಂದು ದೊಡ್ಡ ಚಮಚ ಕಡಲೆಕಾಯಿ ಎಣ್ಣೆಯೆಂದರೆ 120 ಕ್ಯಾಲರಿ. ಆಮೇಲೂ ಬೇಕಾದರೆ ದಿನಕ್ಕೆ ನೂರೋ ಇನ್ನೂರೋ ಕ್ಯಾಲರಿ ಇಳಿಸಿ, ಇಲ್ಲವೇ ಅಷ್ಟು ನಡಿಗೆ ಹೆಚ್ಚಿಸಿ. ಬೇಳೆ, ಮೊಟ್ಟೆ, ಮಾಂಸ ಕಡಿಮೆ ಮಾಡಬೇಡಿ. ತಿಂಗಳುಗಟ್ಟಲೆ ಕಡಿತ ಮಾಡಿದ್ದರೆ ಒಂದೆರಡು ವಾರ ತೂಕ ನಿಲ್ಲುವಷ್ಟು ಉಂಡು ಮತ್ತೆ ಶುರು ಮಾಡಿ. ಚಳಿ, ತಲೆಸುತ್ತು, ನಿದ್ದೆ ಬಾರದಿರುವುದು ಕಂಡರೆ ಕಡಿತ ಅತಿಯಾಗಿದೆ ಎಂದೇ ಅರ್ಥ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಊಟ ಬಿಡಲೇಬಾರದು.

ಒಳಗಿನಿಂದ ಅಮ್ಮ ಕೂಗಿದರು. ತಟ್ಟೆಯಲ್ಲಿ ರಾಗಿ ಮುದ್ದೆ, ಬೇಳೆ ಸಾರು. ಹುಡುಗ ಒಂದು ಗಳಿಗೆ ಯೋಚಿಸಿ ಮುದ್ದೆಯನ್ನು ಅರ್ಧ ಮಾಡಿಕೊಂಡು, ಸಾರನ್ನು ಇನ್ನೊಂದು ಸೌಟು ಹಾಕಿಸಿಕೊಂಡ. ಇದೇ ನೆಲದಲ್ಲಿ 1877ರಲ್ಲಿ ತಟ್ಟೆಯ ಅಳತೆಯನ್ನು ಉಣ್ಣುವವರು ಗೊತ್ತು ಮಾಡಲಿಲ್ಲ. ಇವನಿಗೆ ಆ ಅಧಿಕಾರವಿದೆ. ಅದನ್ನು ತನ್ನ ಮೈಗೆ ತಾನೇ ಟೆಂಪಲ್ ಸಾಹೇಬನಾಗದ ಹಾಗೆ ಬಳಸಲಿ ಎಂದುಕೊಂಡು ನಾನೂ ಊಟಕ್ಕೆ ಕೂತೆ.